ಒಂಟಿದೋಣಿಯವರಿಗೆ ಸನ್ಮಾನ

ಯಾರಾದರೂ ತನ್ನನ್ನು ಗುರುತಿಸಿಬಿಟ್ಟರೆ ಎಂಬ ಹೆದರಿಕೆ ದಿವ್ಯಶ್ರೀಗೆ. ಯಾರೂ ಗುರುತಿಸದೇ ಹೋದರೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದು. ಇದನ್ನು ಡೈರಿಗೆ ಮಾತ್ರ ಹೇಳಿದ್ದಳು. ಡೈರಿ ಎಂದಿನಂತೆ ಸುಮ್ಮನಿತ್ತು.

ಕುಮಟೆಯ ವಾರಪತ್ರಿಕೆಯೊಂದರಲ್ಲಿ ‘ಒಂಟಿದೋಣಿ’ ಎಂಬ ಹೆಸರಿನಲ್ಲಿ ಪದ್ಯ ಬರೆಯುತ್ತಿದ್ದವಳು ಅವಳೇ. ಮೀನು ಮಾರುವ ಅಮ್ಮ ಜಯಂತಿಗೂ ಅದು ಗೊತ್ತಿರಲಿಲ್ಲ. ಅವಳದೇ ಊರಾದ ಕರ್ಕಿಯ ಸಂಘದವರು ‘ಕವಿ, ದಾರ್ಶನಿಕ ಒಂಟಿದೋಣಿಯವರಿಗೆ ಸನ್ಮಾನ’ ಎಂದು ಪತ್ರಿಕೆಯ ಮೂಲಕ ಕರೆದಾಗ, ವೇದಿಕೆಯಲ್ಲೇ ಹೇಳಿಬಿಡೋಣವೆಂದು ‘ಬರುತ್ತೇನೆ’ ಎಂದು ಉತ್ತರಿಸಿದ್ದಳು.

ಸನ್ಮಾನದ ದಿನ ಬೆಳಿಗ್ಗೆ ಸಂಘದ ಕಾರ್ಯದರ್ಶಿ ದಿನಕರ ಮನೆಗೇ ಬಂದ. “ತಂಗಿ, ಊರಲ್ಲಿ ಎಂ.ಎ. ಓದಿದವ್ಳು ನೀನೊಬ್ಳೇ. ಕವಿಗಳ ಬದುಕು, ಬರಹ ಪರಿಚಯ ಮಾಡೂದು ನೀನೇ.”

“ದಿನಕರಣ್ಣ, ಆ ಕವಿ...”

“ದೊಡ್ಡವ್ರು, ನಂಗೊತ್ತು. ಹೆದರೂದು ಎಂತಕ್ಕೆ? ಎಪ್ಪತ್ತು ದಾಟಿರ್ಬೇಕು. ಗಡ್ಡ ಇಲ್ದೆ ಅಂಥ ಸಾಲು ಬರೂದಿಲ್ಲ ಮಾರಾಯ್ತಿ!”

ಉಳಿದ ಮಾತು ಕೇಳಲು ದಿನಕರ ನಿಲ್ಲಲಿಲ್ಲ.

ಸಂಜೆ ಸಭೆ ತುಂಬಿತು. ಕವಿಯ ಕುರ್ಚಿ ಖಾಲಿ. ದಿನಕರನ ಮುಖ ಒಣಸಿಗಡಿಯಂತೆ ಮುದುಡಿತು. ಆದರೆ ಯಕ್ಷಗಾನದ ವೇಷಧಾರಿ ಬಾರದಿದ್ದರೆ ಇದ್ದವರಲ್ಲೇ ಒಬ್ಬರಿಗೆ ಬಣ್ಣ ಹಚ್ಚಿ ಆಟ ನಡೆಸುವ ಊರು ಅದು. ಹಳೆಯ ವೇಷಧಾರಿ ಬೊಮ್ಮಜ್ಜನಿಗೆ ಋಷಿಯ ಗಡ್ಡ ಕಟ್ಟಿ ಕೂರಿಸಿದರು. ಸಭೆಗೆಲ್ಲ ಗೊತ್ತಿತ್ತು, ಯಾರಿಗೂ ಬೇಸರವಿರಲಿಲ್ಲ.

ಶಾಲು ಬಿತ್ತು, ಹಾರ ಬಿತ್ತು. ಬೊಮ್ಮಜ್ಜ ಅವಳ ಸಾಲನ್ನು ರಾಗವಾಗಿ ಎತ್ತಿದ: “ದಡಕ್ಕೆ ಬಂದ ದೋಣಿಯನ್ನು ಯಾರೂ ಕೇಳುವುದಿಲ್ಲ, ಎಂತ ಕಂಡೆ ಎಂದು.” ಆಮೇಲೆ ಅರ್ಥ ಹೇಳಿದ: “ಹಿಮಾಲಯದಲ್ಲಿ ಒಂಟಿಕಾಲಲ್ಲಿ ನಿಂತಿದ್ದಾಗ ನನಗೆ ಹೊಳೆದದ್ದಿದು!”

ಸಭೆಯ ಮುಂಚೂಣಿಯಲ್ಲಿ ಕೂತಿದ್ದ ಜಯಂತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಪಾಪ, ಎಷ್ಟ್ ಒಂಟಿ ಜೀವವೋ!”

ಅಮ್ಮ ಅತ್ತದ್ದು ತನ್ನ ಸಾಲಿಗೆ. ನೋಡುತ್ತಿದ್ದದ್ದು ಆ ಗಡ್ಡವನ್ನು. ಪರಿಚಯಕ್ಕೆಂದು ಕೊಟ್ಟಿದ್ದ ಮೈಕಿನಲ್ಲಿ ದಿವ್ಯಶ್ರೀ ಹೇಳಿಬಿಟ್ಟಳು: “ಅದನ್ನು ಬರೆದವಳು ನಾನು.”

ಬೊಮ್ಮಜ್ಜ ಮೀಸೆ ತಿರುವಿದ. “ಎಲೌ ಬಾಲೆ! ಹಾಗಾದರೆ ನಿನ್ನ ಗಡ್ಡವೆಲ್ಲಿ?”

ಸಭೆ ಹೋ ಎಂದು ನಕ್ಕಿತು. “ಬೊಮ್ಮಜ್ಜಂಗೆ ಸರಿಯಾದ ಎದುರು ವೇಷ!” ಎಂದು ದಿನಕರ ಕುಣಿದ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ಜಯಂತಿ. “ನಮ್ ಹೆಣ್ಣಿಗೆ ಮಾತು ಬಂತು!”

ದಿವ್ಯಶ್ರೀ ಮೈಕನ್ನು ಬಾಯಿಯ ಹತ್ತಿರಕ್ಕೆ ತಂದಳು. “ವೇಷ ಅಲ್ಲ ಅಮ್ಮಾ. ದಿನಾ ನಿನ್ನ ಪಕ್ಕದಲ್ಲೇ ಕೂತೂ ನಾನು ಒಂಟಿ.”

ಚಪ್ಪಾಳೆ ಇನ್ನೂ ಜೋರಾಯಿತು.