ಹಿಪ್-ಹಾಪ್‌ಗೊಂದು ಕನ್ನಡ ಪದ ಬೇಕಾಗಿತ್ತು

ನನ್ನ ಕನ್ನಡಾಭಿಮಾನದಿಂದ ಕನ್ನಡಕ್ಕೆ ಎಷ್ಟು ಲಾಭವಾಗಿದೆಯೋ ತಿಳಿಯದು, ಮನೆಯವರಿಗಂತೂ ತೊಂದರೆಯಾಗಿದೆ. ಕುಕ್ ಟೌನಿನ ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವದ ಆಹ್ವಾನ ಪತ್ರಿಕೆಯಲ್ಲಿ ಯಾವ ಕಾರ್ಯಕ್ರಮಕ್ಕಾದರೂ ಇಂಗ್ಲಿಷ್ ಹೆಸರಿದ್ದರೆ ಅದನ್ನು ಕೈಬಿಡಬೇಕೆಂದು ಸಭೆಯಲ್ಲಿ ಮೇಜು ಕುಟ್ಟಿ ನಿಯಮ ಮಾಡಿಸಿದವನು ನಾನೇ. ಈ ಸಲ ನನ್ನ ಮಗಳು ಮೇಘನಾಳ ಹೆಸರಿನ ಮುಂದೆ ‘ಹಿಪ್-ಹಾಪ್’ ಎಂದಿತ್ತು. ಕಾರ್ಯದರ್ಶಿ ಪ್ರಭಾಕರ್ ಬಹಳ ವಿನಯದಿಂದ, ಶನಿವಾರದೊಳಗೆ ಕನ್ನಡ ಪದ ಕೊಡಿ, ಇಲ್ಲದಿದ್ದರೆ ನಿಮ್ಮದೇ ನಿಯಮ ಇದೆಯಲ್ಲ ಎಂದರು. ಆ ವಿನಯದೊಳಗಿನ ಸಂತೋಷ ಎದ್ದು ಕಾಣುತ್ತಿತ್ತು. ಮಗಳು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದಳು.

ನಿಘಂಟು ಕೈಕೊಟ್ಟಿತು. ತಮಿಳಿನಲ್ಲಿ ಏನೆನ್ನುತ್ತಾರೆಂದು ಪಕ್ಕದ ಮನೆಯ ಸೆಲ್ವಿಯಮ್ಮನವರನ್ನು ಕೇಳಿದೆ. ಹಿಪ್-ಹಾಪ್ ಎಂದೇ ಅಂದರು. ಅವರ ಪ್ರಕಾರ ಅದು ಉಸಿರು ಬಿಡದೆ ಮಾತಾಡುವ ಹಾಡು. ರಸೆಲ್ ಮಾರುಕಟ್ಟೆಯಲ್ಲಿ ನಾನು ತರಕಾರಿ ಕೊಳ್ಳುವ ಇಮ್ತಿಯಾಜ್ ಭಾಯಿ ಮನೆಯಲ್ಲಿ ದಖನಿ ಉರ್ದು ಆಡುವವರು. ದಖನಿಯಲ್ಲೂ ಅದು ಹಿಪ್-ಹಾಪೇ, ಆದರೆ ಅದು ತಮ್ಮ ಕಿರಿಯ ಸೋದರ ತೊಡುವಂಥ, ಇಬ್ಬರು ತೂರಬಹುದಾದ ಪ್ಯಾಂಟು ಎಂದು ಅವರು ವಿವರಿಸಿದರು. ನನ್ನ ಹೆಂಡತಿಗೆ ಅದು ಮಗಳ ಕೋಣೆಯ ಬಾಗಿಲು ಅದುರಿಸುವ ಸದ್ದು. ಎಲ್ಲ ಭಾಷೆಗಳಲ್ಲೂ ಪದ ಒಂದೇ, ಅರ್ಥ ಮಾತ್ರ ಮನೆಗೊಂದು. ಇದರಲ್ಲಿ ಯಾವುದೂ ಆಹ್ವಾನ ಪತ್ರಿಕೆಗೆ ಉಪಯೋಗಕ್ಕೆ ಬರಲಿಲ್ಲ.

ಕೊನೆಗೆ ಶುಕ್ರವಾರ ನಾನೇ ‘ನವಲಯೋಲ್ಲಾಸ ಗಾನನರ್ತನ’ ಎಂದು ಟಂಕಿಸಿ ಮಗಳ ಮುಂದಿಟ್ಟೆ. ಅವಳು ಓದಿ, ಹಾಳೆಯನ್ನು ನನ್ನತ್ತಲೇ ತಳ್ಳಿದಳು.

“ಅಪ್ಪಾ, ಕಾಫಿಗೆ ಕನ್ನಡ ಹುಡುಕಿದ್ಯಾ? ಬಸ್ಸಿಗೆ? ನಾನು ಹಾಡೋದೆಲ್ಲ ಕನ್ನಡದಲ್ಲೇ ಇದೆ. ಒಂದ್ಸಲ ಕೇಳು, ಸಾಕು.”

ಕೇಳಿದೆ. ಹಲಸೂರಿನ ವಾಹನ ಸಂದಣಿ, ಕೆಟ್ಟು ನಿಂತ ಲಿಫ್ಟು, ಪ್ರಭಾಕರರ ಸುತ್ತೋಲೆಗಳು ಎಲ್ಲವೂ ಪ್ರಾಸ ತಪ್ಪದೆ, ಬಾಯಿ ತುಂಬ ಕನ್ನಡದಲ್ಲಿ ಬಂದವು. ನನ್ನ ಸ್ವಾಗತ ಭಾಷಣದ ಉದ್ದದ ಬಗ್ಗೆಯೂ ಒಂದು ಪಲ್ಲವಿಯಿತ್ತು. ಆದರೂ ಹೆಮ್ಮೆಯಿಂದ ಚಪ್ಪಾಳೆ ತಟ್ಟಿದೆ. ಮರುದಿನ ಸಭೆಗೆ ಹೋಗಿ ನಿಯಮವನ್ನು ವಾಪಸು ತೆಗೆದುಕೊಂಡೆ. ಸರಿಯಾಗಿ ಕೇಳಿಸಲಿಲ್ಲವೆಂದು ಪ್ರಭಾಕರ್ ಇನ್ನೊಮ್ಮೆ ಹೇಳಿಸಿದರು.

ರಾಜ್ಯೋತ್ಸವದ ಸಂಜೆ, ನನ್ನ ಇಷ್ಟು ವರ್ಷಗಳ ಭಾಷಣದಿಂದ ಒಂದು ಪದವನ್ನೂ ಕಲಿಯದ ಮಕ್ಕಳು ಮೇಘನಾಳ ಸಾಲುಗಳನ್ನು ಅವಳ ಜೊತೆಯಲ್ಲೇ ಕೂಗಿದರು. ಭಾಷಣದ ಪಲ್ಲವಿಯನ್ನಂತೂ ಸ್ವಲ್ಪ ಜಾಸ್ತಿಯೇ ಕೂಗಿದರು. ಮರುದಿನ ಲಿಫ್ಟಿನಲ್ಲಿ ಮೇಲಿನ ಮನೆಯ ಪುಟ್ಟ ಹುಡುಗಿ ತನ್ನ ತಾಯಿಗೆ ನನ್ನನ್ನು ತೋರಿಸಿ, “ಹಿಪ್-ಹಾಪ್ ಅಂಕಲ್” ಎಂದಳು. ಅದರಲ್ಲಿ ಒಂದು ಪದವೂ ಕನ್ನಡದ್ದಲ್ಲ ಎಂದು ತಿದ್ದಲು ಬಾಯಿ ತೆರೆದೆ. ಹೊರಬಂದದ್ದು ಮಾತ್ರ, “ಥ್ಯಾಂಕ್ಯೂ.”