ನಿಂಬೆಹಣ್ಣಿನ ಖರ್ಚು: ಸೊನ್ನೆ

ನೆವಿಲ್‌ನದು ಒಂದೇ ಕೊರಗು: ತನ್ನ ಬುದ್ಧಿಗೆ ತಕ್ಕ ಸಂಬಳ ತನಗೆ ಸಿಗುತ್ತಿಲ್ಲ. (ಸಿಗುತ್ತಿದೆ ಎನ್ನುತ್ತಿದ್ದಳು ಹೆಂಡತಿ ಗ್ಲೆಂಡಾ. ಅದು ಹೊಗಳಿಕೆಯಲ್ಲ.) ಅಡಿಲೇಡಿನ ಫ್ರಿಜ್ಜಿನ ಬಿಡಿಭಾಗಗಳ ಗೋದಾಮಿನಲ್ಲಿ ತಲೆ ನರೆಯುವವರೆಗೆ ದುಡಿದ ಈ ಮಹಾಶಯನಿಗೆ ಪಶ್ಚಿಮ ಆಸ್ಟ್ರೇಲಿಯಾ ರಾಜ್ಯದ ಗಣಿ ಊರೊಂದರಿಂದ ಕರೆ ಬಂತು. ಕೆಲಸ ಅದೇ, ಗೋದಾಮು ಕಾಯುವುದು. ಸಂಬಳ ಮಾತ್ರ ಇಮ್ಮಡಿ. ಮೇಲೆ ಕಂಪನಿಯದೇ ಮನೆ.

"ಅಲ್ಲಿ ಎಲ್ಲಾ ಬೆಂಕಿ ರೇಟಂತೆ. ಆ ಸಂಬಳ ಸಾಲುತ್ತಾ?" ಅಂದಳು ಗ್ಲೆಂಡಾ.

"ಲೆಕ್ಕ ಹಾಕಿದ್ರೆ ಗೊತ್ತಾಗುತ್ತಪ್ಪ!"

ಹೋಗುವ ರಾಜ್ಯ ಯಾವುದು, ಸಂಬಳವೆಷ್ಟು, ಈಗ ಯಾವುದಕ್ಕೆ ಎಷ್ಟು ಖರ್ಚು ಎಂದೆಲ್ಲ ವಿಚಾರಿಸಿ ಭವಿಷ್ಯ ನುಡಿಯುವ ವೆಬ್‌ಸೈಟೊಂದಿತ್ತು. ನೆವಿಲ್ ಕನ್ನಡಕ ಏರಿಸಿ, ಯಜ್ಞಕ್ಕೆ ಕೂತವನ ಗಾಂಭೀರ್ಯದಿಂದ ತುಂಬತೊಡಗಿದ. ಹಣ್ಣು? ಸೊನ್ನೆ. ಎಣ್ಣೆ? ಸೊನ್ನೆ. ಮೀನು? ಸೊನ್ನೆ. ನಲ್ಲಿ ರಿಪೇರಿ? ಒಂದು ಪೆಟ್ಟಿಗೆ ಬಿಯರ್. ಅದನ್ನು ಬರೆಯಲು ಜಾಗವಿರಲಿಲ್ಲ, ಹಾಗಾಗಿ ಅದೂ ಸೊನ್ನೆ.

ಸುಳ್ಳೇನಲ್ಲ ಬಿಡಿ. ಪಕ್ಕದ ಮನೆಯ ಗ್ರೀಕ್ ವಿಧವೆ ಕಲಿಯೋಪಿ ಅಜ್ಜಿಯ ನಿಂಬೆಮರ ಅರ್ಧ ಇವರ ಹಿತ್ತಲಿಗೇ ಬಾಗಿತ್ತು. ಅವಳ ಆಲಿವ್ ಎಣ್ಣೆ ಬಾಟಲಿಗಟ್ಟಲೆ ಬೇಲಿ ದಾಟಿ ಬರುತ್ತಿತ್ತು. ಬೀದಿ ಕೊನೆಯ ಪ್ಲಂಬರ್ ಬ್ರೂನೋ ಮೀನು ಹಿಡಿದರೆ ಎರಡು ಇವರಿಗೆ, ಎರಡು ಅಜ್ಜಿಗೆ. ಆ ಬೀದಿಯಲ್ಲಿ ನಿಂಬೆಹಣ್ಣನ್ನು ದುಡ್ಡು ಕೊಟ್ಟು ತರುವುದೆಂದರೆ ನೆರೆಯವರ ಜೊತೆ ಮಾತು ಬಿಟ್ಟವನು ಎಂದೇ ಅರ್ಥ. ಒಮ್ಮೆ ಅವಸರಕ್ಕೆ ಬ್ರೂನೋ ಅಂಗಡಿಯಿಂದ ನಿಂಬೆ ತಂದದ್ದನ್ನು ಕಂಡ ನೆವಿಲ್, ಊರಿಗೆಲ್ಲ ಡಂಗುರ ಹೊಡೆದು ಬಡಪಾಯಿಯ ಮಾನ ಕಳೆದಿದ್ದ.

ವೆಬ್‌ಸೈಟು ಹಸಿರು ದೀಪ ತೋರಿಸಿತು: ಸಂಬಳ ಧಾರಾಳವಾಗಿ ಸಾಕು.

"ನೋಡಿದ್ಯಾ? ಧಾರಾಳವಾಗಿ!"

"ಸೊನ್ನೆ ಸೊನ್ನೆ ಅಂತ ಬರೆದ್ಯಲ್ಲ, ಅಲ್ಲೂ ಒಬ್ಬಳು ಕಲಿಯೋಪಿ ಇದಾಳಾ?"

"ಆ ಸಂಬಳ ಬರ್ಲಿ, ನಿಂಗೆ ನಿಂಬೆರಸದಲ್ಲೇ ಸ್ನಾನ ಮಾಡಿಸ್ತೀನಿ!"

"ಸ್ನಾನ ಬೇಡ. ಸಾಲದೇ ಹೋದ್ರೆ ಮರುಮಾತಿಲ್ದೆ ವಾಪಸ್ ಬರ್ಬೇಕು. ನಂಗೆ ಈ ಬೀದಿ ಬೇಕು, ನೆವಿಲ್."

ನೆವಿಲ್ ಉದಾರವಾಗಿ ಒಪ್ಪಿದ. ಸೋಲುವ ಭಯವಿಲ್ಲದವನಿಗೆ ಔದಾರ್ಯಕ್ಕೇನು ಬರ.

ಹೊರಡುವ ದಿನ ಕಲಿಯೋಪಿ ಅಜ್ಜಿ ಒಂದು ಪೆಟ್ಟಿಗೆ ನಿಂಬೆಹಣ್ಣು, ಮೇಲೊಂದಿಷ್ಟು ಏಪ್ರಿಕಾಟ್ ಹೊತ್ತು ತಂದಳು. ಕಾರಿನ ಕಿಟಕಿ ಹಿಡಿದು ಕೇಳಿದಳು: "ಕಸದ ಡಬ್ಬ ಇನ್ಮೇಲೆ ಯಾರು ಹೊರಗಿಡ್ತಾರೆ ಮಗಾ?"

"ಯಾರಿಗಾದ್ರೂ ಹೇಳಜ್ಜಿ, ಇಡ್ತಾರೆ," ಎಂದು ನಕ್ಕು ಕಾರು ಬಿಟ್ಟ ನೆವಿಲ್.

ಮರ ಕಾಣದ ಬಯಲಲ್ಲಿ ದಿನಗಟ್ಟಲೆ ಓಡಿ ರಾಜ್ಯದ ಗಡಿ ತಲುಪಿದರು. ಬೇರೆ ರಾಜ್ಯದ ಹಣ್ಣಿನ ಜೊತೆ ಹುಳ ಬಂದೀತೆಂದು ಅಲ್ಲಿ ತಪಾಸಣೆ.

"ಹಣ್ಣಿದೆಯಾ ಮೇಡಂ? ತಿನ್ನಿ, ಇಲ್ಲಾಂದ್ರೆ ತೊಟ್ಟಿಗೆ ಹಾಕಿ."

ಏಪ್ರಿಕಾಟ್ ಇಬ್ಬರೂ ಹೊಟ್ಟೆ ಬಿರಿಯ ತಿಂದರು. ನಿಂಬೆ ತಿನ್ನುವುದು ಹೇಗೆ? ಗ್ಲೆಂಡಾ ಹಟಕ್ಕೆ ಬಿದ್ದು ಒಂದನ್ನು ಸಿಪ್ಪೆ ಸಮೇತ ಕಚ್ಚಿದಳು. ಕಣ್ಣಲ್ಲಿ ನೀರು ಬಂತು. ಹುಳಿಗೆ ಅಂದುಕೊಂಡ ನೆವಿಲ್.

ಗಣಿ ಊರಿನಲ್ಲಿ ಸಂಬಳ ನಿಜವಾಗಿಯೂ ಇಮ್ಮಡಿ ಬಂತು. ಬಂದಷ್ಟೇ ಗೌರವದಿಂದ ಹೊರಟೂ ಹೋಯಿತು. ನಿಂಬೆಹಣ್ಣಿಗೆ ಚಿನ್ನದಂಗಡಿಯ ಬೆಲೆ. ಮೀನು ಮಂಜುಗಡ್ಡೆಯಲ್ಲಿ ಮಲಗಿ ಲಾರಿಯಲ್ಲಿ ಬರುತ್ತಿತ್ತು. ಪ್ಲಂಬರ್ ಬಂದದ್ದಕ್ಕೊಂದು ರೇಟು, ನೋಡಿದ್ದಕ್ಕೊಂದು ರೇಟು. ಬಿಯರ್ ಪೆಟ್ಟಿಗೆ ತೋರಿಸಿದರೆ, "ನಮ್ಮ ಕಂಪನೀಲಿ ಕುಡಿದ್ರೆ ಕೆಲಸ ಹೋಗುತ್ತೆ ಸಾರ್," ಅಂದ.

ಇದು ಸಾಲದೆಂಬಂತೆ, ಗ್ಲೆಂಡಾ ಆ ದುಬಾರಿ ನಿಂಬೆಗಳನ್ನೇ ಚೀಲಕ್ಕೆ ಹಾಕಿ ಪಕ್ಕದ ಮನೆ ಬಾಗಿಲಲ್ಲಿಟ್ಟು ಬರುವುದನ್ನು ನೆವಿಲ್ ಕಂಡ.

"ನಿಂಗೇನು ತಲೆ ಕೆಟ್ಟಿದೆಯಾ? ಕೊಂಡು ತಂದು ದಾನ ಮಾಡ್ತಾರಾ?"

"ಮಾತಾಡ್ಸೋಕೆ ಒಂದು ನೆಪ ಬೇಡ್ವಾ ಮಾರಾಯ!"

ಪಕ್ಕದವರು ವಿಮಾನದಲ್ಲಿ ಬಂದು ದುಡಿದು, ವಿಮಾನದಲ್ಲಿ ಹೋಗುವ ಪಾಳಿಯವರು. ನಿಂಬೆಗಳು ಬಾಗಿಲಲ್ಲೇ ಒಣಗಿದವು. ಗ್ಲೆಂಡಾ ಚೀಲವನ್ನು ಎತ್ತಿ ತಂದಳು. ಅವಳು ಜಗಳವಾಡಿದ್ದರೆ ನೆವಿಲ್‌ಗೆ ಸಮಾಧಾನವಿರುತ್ತಿತ್ತು.

ಫೋನು ಮಾಡಿದಾಗಲೆಲ್ಲ ಕಲಿಯೋಪಿ ಅಜ್ಜಿ "ನಂಗೇನ್ ಧಾಡಿ, ಚೆನ್ನಾಗಿದೀನಿ," ಅನ್ನುತ್ತಿದ್ದಳು. ಆಮೇಲಾಮೇಲೆ ಫೋನು ಎತ್ತುವುದನ್ನೇ ಬಿಟ್ಟಳು.

ಕೊನೆಗೊಂದು ದಿನ ನೆವಿಲ್ ತಾನಾಗಿ ಸೋಲೊಪ್ಪಿಕೊಂಡ. "ಹಳೇ ಗೋದಾಮಿನವರು ಕರೀತಿದಾರೆ, ಸಂಬಳ ಮೊದಲಿಗಿಂತ ಕಮ್ಮಿ. ಆದ್ರೂ ಸಾಲುತ್ತೆ ಕಣೇ. ಈ ಸಲ ಬೇಲಿಯಾಚೆಯದ್ದೂ ಸೇರಿಸಿ ಲೆಕ್ಕ ಹಾಕಿದೀನಿ." ಎಷ್ಟೋ ತಿಂಗಳ ಮೇಲೆ ಗ್ಲೆಂಡಾ ಅವತ್ತು ನಕ್ಕಳು.

ತಮ್ಮ ಹಳೆಯ ಮನೆಗೆ ಬಂದು ನೋಡಿದರೆ ಬೇಲಿಯಿದ್ದಲ್ಲಿ ಆಳೆತ್ತರದ ಕಬ್ಬಿಣದ ತಗಡು. ಆಚೆ ಯಾರೋ ಹೊಸಬರು. ನಿಂಬೆಮರವಿದ್ದ ಜಾಗದಲ್ಲಿ ಕಾರು ನಿಲ್ಲಿಸಲು ಸಿಮೆಂಟು ಹಾಕಿದ್ದರು. ಗ್ಲೆಂಡಾ ತಗಡಿನ ಮುಂದೆ ನಿಂತೇ ಇದ್ದಳು. ಆಮೇಲೆ, "ಹೋಗು, ಒಂದಿಷ್ಟು ನಿಂಬೆಹಣ್ಣು ತಗೊಂಡ್ಬಾ," ಅಂದಳು.

ಸೂಪರ್‌ಮಾರ್ಕೆಟ್ಟಿನಲ್ಲಿ ನೆವಿಲ್ ನಿಂಬೆಯ ಬಲೆಚೀಲವನ್ನು ಟಾಯ್ಲೆಟ್ ಪೇಪರಿನ ಕಟ್ಟಿನಡಿ ಕಳ್ಳಮಾಲಿನಂತೆ ಬಚ್ಚಿಟ್ಟು ಸಾಲಿನಲ್ಲಿ ನಿಂತ. ಹಿಂದಿನಿಂದ ಯಾರೋ ಭುಜ ತಟ್ಟಿದರು. ಬ್ರೂನೋ! ನಿಲ್ಲಲು ಬೇರೆ ಸಾಲಿರಲಿಲ್ಲವೇ ಇವನಿಗೆ!

"ಅಜ್ಜಿ ಎಲ್ಲಿ ಬ್ರೂನೋ?"

"ಮೆಲ್ಬರ್ನಿಗೆ, ಮಗಳ ಹತ್ರ. ಹೋಗೋಕೆ ಮನಸ್ಸೇ ಇರ್ಲಿಲ್ಲ ಅವಳಿಗೆ." ಬ್ರೂನೋ ದನಿ ತಗ್ಗಿಸಿದ. "ನೀನಿದ್ದಾಗ ಕಸದ ಡಬ್ಬ ನೀನಿಡ್ತಿದ್ದೆ, ಸೂರಿನ ಮಳೆನೀರಿನ ದೋಣಿ ನೀನು ಚೊಕ್ಕ ಮಾಡ್ತಿದ್ದೆ, ಗಂಡನ ಸಮಾಧಿಗೆ ಪ್ರತಿ ಶನಿವಾರ ನಿನ್ನ ಕಾರು. ನೀನು ಹೋದ್ಮೇಲೆ ಎಲ್ಲದಕ್ಕೂ ಆಳು, ಟ್ಯಾಕ್ಸಿ. ನಂಗೂ ಸೊಂಟ ಹಿಡ್ಕೊಂಡಿತ್ತು, ಆದಷ್ಟು ಮಾಡ್ದೆ. ಪಿಂಚಣಿ ಸಾಲ್ದೆ ಮನೆ ಮಾರಿದ್ಲು ಕಣೋ."

ಅಜ್ಜಿಯ ಮನೆಯಲ್ಲೂ ತಾನೊಂದು ಸೊನ್ನೆಯ ಬಾಬತ್ತಾಗಿದ್ದೆ ಎಂಬುದು ನೆವಿಲ್‌ಗೆ ಹೊಳೆದೇ ಇರಲಿಲ್ಲ. ಪೇಪರಿನ ಕಟ್ಟು ಜಾರಿತು, ಜೊತೆಗೇ ಬಿದ್ದ ಬಲೆಚೀಲ ಹರಿದು ನಿಂಬೆಹಣ್ಣುಗಳು ಸಾಲಿನುದ್ದಕ್ಕೂ ಉರುಳಿದವು. ಇನ್ನು ಬ್ರೂನೋ ಡಂಗುರ ಹೊಡೆಯುತ್ತಾನೆ, ಹೊಡೆಯಲಿ, ತನಗೆ ಆಗಬೇಕಾದ್ದೇ ಎಂದು ನೆವಿಲ್ ತಲೆ ತಗ್ಗಿಸಿದ.

ಬ್ರೂನೋ ಹಿಡಿದ ಸೊಂಟವನ್ನು ಕಷ್ಟಪಟ್ಟು ಬಗ್ಗಿಸಿ ಒಂದೊಂದೇ ಹಣ್ಣು ಆರಿಸಿ ಕೊಟ್ಟ. ಅವನ ಬುಟ್ಟಿಯಲ್ಲೂ, ಬ್ರೆಡ್ಡಿನ ಕೆಳಗೆ, ಅಂಥದೇ ಒಂದು ಹಳದಿ ಬಲೆಚೀಲವಿತ್ತು.