ಮಾವನ ಇಂಗ್ಲಿಷ್, ಮಲಯಾಳಂ ಮಾರ್ಗವಾಗಿ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು ನಾನು. ನನಗೆ ಇಂಗ್ಲಿಷ್ ಕಲಿಸಿದ ಗುರುಗಳು ಯಾರು ಎಂದು ಕೇಳಿದರೆ ಮಾತ್ರ ಸ್ವಲ್ಪ ತಡವರಿಸುತ್ತೇನೆ. ಏಕೆಂದರೆ ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ! ನಂಬುವುದಿಲ್ಲವೇ? ಬೇಡ ಬಿಡಿ. ಕಣ್ಣಾರೆ ಕಂಡ ನನಗೇ ಇನ್ನೂ ಪೂರ್ತಿ ನಂಬಿಕೆ ಬಂದಿಲ್ಲ.

ಅವರು ನನ್ನ ಸೋದರಮಾವ. ಮದ್ರಾಸಿನ ಪ್ಯಾರೀಸ್ ಕಾರ್ನರ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಮುಖ್ಯ ಅಡುಗೆಯವರು. ನಮ್ಮ ಜಿಲ್ಲೆಯೂ ಮದ್ರಾಸು ರಾಜ್ಯದೊಳಗೇ ಇದ್ದ ಕಾಲ ಅದು. ಊರಿನಿಂದ ಹೈಸ್ಕೂಲು ದೂರವೆಂದು ಅಮ್ಮ ನನ್ನನ್ನು ತಿರುವಲ್ಲಿಕೇಣಿಯಲ್ಲಿದ್ದ ತನ್ನ ತಮ್ಮನ ಮನೆಗೆ ಕಳಿಸಿದ್ದಳು. ಅಲ್ಲಿ ನಾನು ಮಾಡಿದ ಘನಕಾರ್ಯವೆಂದರೆ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಸೊಗಸಾಗಿ ಡುಮ್ಕಿ ಹೊಡೆದದ್ದು! ಅಪ್ಪನ ಕಾಗದ ಬಂತು: ‘ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ಕೂರಲಿ. ಆಗಲೂ ಪಾಸಾಗದಿದ್ದರೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಒಂದು ಸಂಬಂಧ ನೋಡಿಟ್ಟಿದ್ದೇನೆ.’

ಕಾಗದ ಓದಿ ನಾನೂ ಅತ್ತೆಯೂ ಪೈಪೋಟಿಯ ಮೇಲೆ ಅಳುತ್ತಾ ಕೂತೆವು. ಮಾವ ಹೋಟೆಲಿನಿಂದ ಬಂದು ಕೈಕಾಲು ತೊಳೆದು, ಕಾಗದ ಓದಿಸಿಕೊಂಡು ಕೇಳಿದರು.

“ಅಳುವುದೆಂತಕ್ಕೆ? ನಾನು ಕಲಿಸ್ತೇನೆ.”

“ನಿಮಗೆ ಇಂಗ್ಲಿಷ್ ಬರ್ತದಾ ಮಾರಾಯ್ರೇ?” ಎಂದರು ಅತ್ತೆ.

“ಬರುವುದಿಲ್ಲ. ಮೈಸೂರುಪಾಕು ಹುಟ್ಟುವಾಗ್ಲೇ ಬರ್ತಿತ್ತಾ? ಕಲಿತದ್ದಲ್ವಾ?”

ಮರುದಿನವೇ ಮೂರ್ ಮಾರ್ಕೆಟ್ಟಿಗೆ ಹೋಗಿ ಒಂದು ಹಳೆಯ ಇಂಗ್ಲಿಷ್ ನಿಘಂಟು ತಂದರು. ಎರಡು ಇಡ್ಲಿ ತಟ್ಟೆಗಳಷ್ಟು ದಪ್ಪ. “ನೋಡು, ಅರ್ಥವೆಲ್ಲ ನಮ್ಮ ಅಜ್ಜನ ಲಿಪಿಯಲ್ಲೇ ಉಂಟು!” ಎಂದು ಸಂಭ್ರಮದಿಂದ ತೆರೆದರು. ನಮ್ಮ ಅಜ್ಜ ಮಂತ್ರಗಳನ್ನು ಓಲೆಗರಿಯ ಮೇಲೆ ತುಳು ಲಿಪಿಯಲ್ಲಿ ಬರೆದಿಡುತ್ತಿದ್ದರು. ಮಾವ ಚಿಕ್ಕಂದಿನಲ್ಲಿ ಅದನ್ನು ಓದಲು ಕಲಿತಿದ್ದರು. ಯಾರೋ ಪುಣ್ಯಾತ್ಮ ಇಂಗ್ಲಿಷಿಗೆ ಕನ್ನಡದ ಅರ್ಥವನ್ನು ಆ ಲಿಪಿಯಲ್ಲಿ ಅಚ್ಚು ಹಾಕಿಸಿದ್ದಾನೆಂದು ಅವರ ಎಣಿಕೆ. ಒಂದು ಪುಟ ತಡವರಿಸಿ ಓದುವಷ್ಟರಲ್ಲಿ ಮುಖ ಸಪ್ಪಗಾಯಿತು. ಲಿಪಿ ಅಜ್ಜನದನ್ನು ಹೋಲುತ್ತಿತ್ತು, ಭಾಷೆ ಮಾತ್ರ ಮಲಯಾಳ!

“ಬೇರೆ ತನ್ನಿ ಮಾವ,” ಎಂದೆ.

“ಸಾಂಬಾರಿಗೆ ಉಪ್ಪು ಕಮ್ಮಿಯಾದ್ರೆ ಸಾಂಬಾರನ್ನೇ ಚೆಲ್ತಾರಾ? ತಂದದ್ದಾಯ್ತು. ಇದರಲ್ಲೇ ಕಲಿಯುವುದು.”

ಹೋಟೆಲಿಗೆ ದಿನಾ ಸಂಜೆ ಕಾಫಿಗೆ ಬರುತ್ತಿದ್ದ ಒಬ್ಬರು ನಾಯರ್ ಇದ್ದರು. ಹತ್ತಿರದ ಯಾವುದೋ ಕಂಪೆನಿಯಲ್ಲಿ ಟೈಪಿಸ್ಟು. ಮಾವ ನಿಘಂಟಿನ ಮಲಯಾಳವನ್ನು ಅವರಿಗೆ ಓದಿ ಹೇಳುವುದು, ಅವರು ಅದನ್ನು ತಮಿಳಿಗೆ ತಿರುಗಿಸುವುದು, ಮಾವ ಮನೆಗೆ ಬಂದು ಅದನ್ನು ಕನ್ನಡ ಮಾಡಿ ನನಗೆ ದಾಟಿಸುವುದು. ಒಂದು ಇಂಗ್ಲಿಷ್ ಶಬ್ದ ನನ್ನ ಕಿವಿಗೆ ಬೀಳುವಷ್ಟರಲ್ಲಿ ಅರ್ಧ ದಕ್ಷಿಣ ಭಾರತ ಸುತ್ತಿರುತ್ತಿತ್ತು! “ನಾಯರಿಗೆ ಇಂಗ್ಲಿಷ್ ಬರ್ತದಲ್ಲ, ಅರ್ಥವನ್ನು ನೇರ ಕೇಳಬಾರದಾ?” ಎಂದು ಒಮ್ಮೆ ಕೇಳಿದೆ. ಮಾವ ನನ್ನನ್ನು ದುರುಗುಟ್ಟಿಕೊಂಡು ನೋಡಿದರು. “ಹಾಗಾದ್ರೆ ಪುಸ್ತಕಕ್ಕೆ ಎಂತ ಮರ್ಯಾದೆ ಉಳೀತು?” ಎಂದರು. ಅಂದ ಹಾಗೆ, ಎಬಿಸಿಡಿಯನ್ನು ಅವರಿಗೆ ಕಲಿಸಿದವಳು ನಾನೇ. ಗುರುಗಳ ಅಕ್ಷರಾಭ್ಯಾಸ ಶಿಷ್ಯೆಯ ಕೈಯಲ್ಲಿ!

ಶಬ್ದ ಆರಿಸುವ ಕ್ರಮವೂ ಅವರದ್ದೇ. ಸ್ನಾನವಾದ ಮೇಲೆ ಕಣ್ಣು ಮುಚ್ಚಿ ನಿಘಂಟು ತೆರೆದು ಬೆರಳಿಡುವುದು. ಬೆರಳು ಬಿದ್ದದ್ದೇ ಆ ದಿನದ ಪಾಠ. ಹೋಟೆಲಿನಲ್ಲಿ ಹೊಸ ತಿಂಡಿಯನ್ನು ಮೂರು ಜನ ತಿಂದು ಸರಿಯೆನ್ನದೆ ಬೋರ್ಡಿನ ಮೇಲೆ ಬರೆಯುತ್ತಿರಲಿಲ್ಲವಂತೆ. ಅದೇ ಕಾನೂನು ಇಲ್ಲಿಗೂ ಬಂತು. ಮೂರು ಜನಕ್ಕೆ ಮಾತಿನಲ್ಲಿ ಬಡಿಸದೆ ಶಬ್ದ ನಮ್ಮದಾಗುವುದಿಲ್ಲ, ನೀನೂ ಬಡಿಸು, ನಾನೂ ಬಡಿಸುತ್ತೇನೆ, ಎಂದರು.

ಮೊದಲ ದಿನ ಬೆರಳು ಬಿದ್ದದ್ದು ಜ್ವಾಲಾಮುಖಿಯ ಮೇಲೆ. ಮದ್ರಾಸಿನಲ್ಲಿ ಜ್ವಾಲಾಮುಖಿಯನ್ನು ಯಾರಿಗೆ ಬಡಿಸುವುದು ಹೇಳಿ! ಮಾವ ನೇರ ಅಡುಗೆಮನೆಗೆ ಹೋಗಿ ಅತ್ತೆಗೆ, “ಯುವರ್ ಒಲೆ ಈಸ್ ವಾಲ್ಕೆನೋ,” ಎಂದರು. ಬೈದರೆಂದು ತಿಳಿದ ಅತ್ತೆ ಎರಡು ದಿನ ಮಾತು ಬಿಟ್ಟರು. ಇನ್ನೊಂದು ದಿನ ಆರ್ಚ್‌ಬಿಷಪ್ ಬಂತು. ಬಸ್ಸಿನಲ್ಲಿ ಕಂಡಕ್ಟರನಿಗೆ ಕೈ ಮುಗಿದು ಮಾವ ಸ್ಪಷ್ಟವಾಗಿ, “ಐ ಆಮ್ ನಾಟ್ ಆರ್ಚ್‌ಬಿಷಪ್,” ಎಂದರು. ಕಂಡಕ್ಟರ್ ಮಾವನ ಜುಟ್ಟು, ಜನಿವಾರ, ಎಣ್ಣೆಯ ಕಲೆಯ ಪಂಚೆ ಎಲ್ಲವನ್ನೂ ನೋಡಿ, “ತೆರಿಯುದು ಸಾಮಿ, ಟಿಕೆಟ್ ವಾಂಗುಂಗೊ,” ಎಂದ. ಅದು ಕಾಣಿಸ್ತಾ ಉಂಟು, ಟಿಕೆಟ್ ತಗೊಳ್ಳಿ, ಎಂದು ಅವನ ತಾತ್ಪರ್ಯ. ನಾನು ಮುಂದಿನ ಸ್ಟಾಪಿನಲ್ಲೇ ಇಳಿದುಬಿಟ್ಟೆ.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಬೆರಳು ‘ನೆವರ್‌ದ್‌ಲೆಸ್’ ಮೇಲೆ ಬಿತ್ತು. ಮಲಯಾಳದಲ್ಲಿ ‘ಎನ್ನಿರುನ್ನಾಲುಂ’. ನಾಯರ್ ಅದನ್ನು ತಮಿಳಿನಲ್ಲಿ ‘ಇರುಂದಾಲುಂ’ ಎಂದು ಮಾಡಿಕೊಟ್ಟರು. ಮಾವ ಕನ್ನಡದಲ್ಲಿ ‘ಆದರೂ’ ಎಂದು ಮಾಡಿಕೊಂಡರು. ಬಳಸುವ ಬಗೆಯನ್ನೂ ನಾಯರ್ ಕಾಫಿ ಆರಿಸುತ್ತಾ ಹೇಳಿಕೊಟ್ಟರಂತೆ: ಮೊದಲು ತೊಂದರೆ ಹೇಳಬೇಕು. ಆಮೇಲೆ ಈ ಶಬ್ದ. ಆಮೇಲೆ, ಅಷ್ಟಾದರೂ ನಾವು ಮಾಡಿಯೇ ತೀರುವ ಕೆಲಸ.

“ಇದು ನಮಗೇ ಅಂತ ಮಾಡಿಸಿದ ಶಬ್ದ ಮಗಾ!” ಎಂದು ಮಾವ ಕುಣಿದಾಡಿದರು. ಆಮೇಲೆ ಬೇರೆ ಶಬ್ದಗಳಿಗೆ ಕಷ್ಟಕಾಲ ಬಂತು ನೋಡಿ. ಚಟ್ನಿ ಮುಗಿಯಿತು, ನೆವರ್‌ದ್‌ಲೆಸ್ ದೋಸೆ ತಿನ್ನಿ. ಮಳೆ ಬರ್ತಾ ಉಂಟು, ನೆವರ್‌ದ್‌ಲೆಸ್ ಓದು. ಇಂಗ್ಲಿಷಿನ ಗಂಧವಿಲ್ಲದ ಅತ್ತೆಯೇ ಒಂದು ದಿನ, “ಪಲ್ಯ ಸೀದಿದೆ, ನೆವರ್‌ದ್‌ಲೆಸ್ ಊಟ ಮಾಡಿ,” ಎಂದುಬಿಟ್ಟರು!

ಸೆಪ್ಟೆಂಬರ್ ಬಂತು. ಪರೀಕ್ಷೆ ಬರೆದೆ. ಫಲಿತಾಂಶದ ದಿನ ಪತ್ರಿಕೆಯಲ್ಲಿ ನನ್ನ ನಂಬರ್ ಇರಲಿಲ್ಲ. ಮೂರು ಸಲ ಹುಡುಕಿದೆ. ಮಾವ ತಾವೂ ಬೆರಳಿಟ್ಟು ಸಾಲು ಸಾಲಾಗಿ ಹುಡುಕಿದರು. ಆಮೇಲೆ ಶರಟು ಹಾಕಿಕೊಂಡು ನನ್ನನ್ನೂ ಎಬ್ಬಿಸಿಕೊಂಡು ತಂತಿ ಆಫೀಸಿಗೆ ಹೋದರು. ಫಾರಮ್ಮಿನ ಮೇಲೆ ತಾವೇ ಒಂದೊಂದು ಅಕ್ಷರ ಕೂಡಿಸಿ ಅಪ್ಪನಿಗೆ ಬರೆದರು: ‘ಫೇಲ್ಡ್ ನೆವರ್‌ದ್‌ಲೆಸ್ ಸ್ಟಡಿಯಿಂಗ್’.

ಗುಮಾಸ್ತ ಓದಿ, ನಡುವಿನ ಶಬ್ದ ಅನವಶ್ಯಕ, ಅದಕ್ಕೂ ದುಡ್ಡು ಬೀಳುತ್ತದೆ, ತೆಗೆಯಲೇ ಎಂದ.

“ಅದಕ್ಕೆ ಕೈ ಹಚ್ಬೇಡಿ. ಬೇಕಾದ್ರೆ ಮೊದಲಿನದ್ದು ತೆಗೀರಿ,” ಎಂದರು ಮಾವ.

ನಾಲ್ಕನೇ ದಿನ ಅಪ್ಪ ಮಂಗಳೂರಿನ ರೈಲಿನಲ್ಲಿ ಬಂದಿಳಿದರು. ಚಾವಡಿಯಲ್ಲಿ ಕೂತವರೇ ಜೇಬಿನಿಂದ ತಂತಿ ತೆಗೆದರು.

“ಆಚೆ ಈಚೆಯದ್ದು ಪೋಸ್ಟ್ ಮಾಸ್ತರ್ರು ಓದಿ ಹೇಳಿದ್ರು. ನಡುವಿನದ್ದು ಅವರಿಗೂ ಗೊತ್ತಿಲ್ಲ. ಎಂತದು ಮಾರಾಯ ಇದು?”

ಮಾವ ನಿಘಂಟು ತಂದು ಬಿಚ್ಚಿದರು. ಇಂಗ್ಲಿಷ್ ಓದಿದರು, ಮಲಯಾಳ ಓದಿದರು, ತಮಿಳು ಹೇಳಿದರು, ಕನ್ನಡ ಹೇಳಿದರು. ಅಪ್ಪ ತಲೆಯಾಡಿಸಿದರು. “ಆಯ್ತು. ಆದ್ರೆ ಹೆಣ್ಣುಹುಡುಗಿಗೆ ಇಷ್ಟೆಲ್ಲ ಎಂತಕ್ಕೆ?” ಎಂದರು. ನನ್ನ ಟ್ರಂಕು ಆಗಲೇ ಬಾಗಿಲ ಹತ್ತಿರ ಇತ್ತು.

ಮಾವ ಪುಸ್ತಕ ಮುಚ್ಚಿದರು.

“ಭಾವ, ಅಕ್ಕನ ಶಾಲೆ ಬಿಡಿಸಿದ ದಿವಸ ನಾನು ಅಲ್ಲೇ ಇದ್ದೆ. ಕ್ಲಾಸಿಗೇ ಮೊದಲು ಇದ್ದವಳು ಅವಳು. ಸ್ಲೇಟನ್ನು ಒರೆಸಿ ನನ್ನ ಕೈಗೆ ಕೊಟ್ಟು ಒಳಗೆ ಹೋದ್ಲು, ಅಷ್ಟೆ. ಅಪ್ಪಯ್ಯನ ಹತ್ರ ಒಂದು ಮಾತು ಹೇಳ್ಬೇಕಿತ್ತು ನಾನು. ಎಂತ ಹೇಳುವುದೂಂತ ಗೊತ್ತಾಗ್ಲಿಲ್ಲ. ಆ ಶಬ್ದ ನನಗೆ ಸಿಕ್ಕಿದ್ದು ಮೊನ್ನೆ, ಆಗಸ್ಟಿನಲ್ಲಿ.”

ನನಗೆ ಈ ಸಂಗತಿ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಅವರು ತಂತಿಯನ್ನು ಮಡಚಿ ಮತ್ತೆ ಜೇಬಿಗೆ ಹಾಕಿಕೊಂಡರು.

ಮರುದಿನ ಸೆಂಟ್ರಲ್ ಸ್ಟೇಷನ್ನಿಗೆ ಮೂವರೂ ಹೋದೆವು. ಹೊರಡುವಾಗ ನಾನು ಟ್ರಂಕು ಎತ್ತಲು ಹೋದರೆ ಅಪ್ಪ, ಅದು ಮನೆಯಲ್ಲೇ ಇರಲಿ, ಎಂದಿದ್ದರು. ಗಾಡಿ ಅಲುಗಾಡುವ ಹೊತ್ತಿಗೆ ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ಕರೆದರು.

“ಆ ಹುಡುಗನ ಕಡೆಯವರಿಗೆ ಮಾತು ಕೊಟ್ಟಾಗಿದೆ. ನಾನೀಗ ಮುಖ ಎತ್ತಿ ತಿರುಗುವ ಹಾಗಿಲ್ಲ,” ಎಂದರು. ಆಮೇಲೆ ನಾಲಿಗೆ ತಿರುಗದೆ ಮೂರು ತುಂಡು ಮಾಡಿ ಹೇಳಿದರು: “ನೆವರ್... ದ... ಲೆಸ್, ನೀನು ಓದು ಮಗಾ.”

ರೈಲು ಹೋದ ಮೇಲೂ ಮಾವ ಅತ್ತಲೇ ನೋಡುತ್ತಾ ನಿಂತಿದ್ದರು. ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

“ಭಾವ ಶಬ್ದವನ್ನು ಸರಿಯಾಗಿ ಬಡಿಸಿದ್ರು,” ಎಂದರು.